ತಪ್ಪಿನ ಬೆಂಚು

ಆ ಕ್ರೈಸ್ತ ಸಭೆಯ ಚರ್ಚಿನಲ್ಲಿ ಬಾಗಿಲ ಪಕ್ಕ ಒಂದು ಬೆಂಚಿತ್ತು, ಬೆನ್ನು ಒರಗಿಸಲೂ ಆಗದಂಥದ್ದು. ದೊಡ್ಡ ತಪ್ಪು ಮಾಡಿದವರು ವರ್ಷವಿಡೀ ಪ್ರತಿ ಭಾನುವಾರ ಅದರ ಮೇಲೆ ಕೂರಬೇಕು. ವರ್ಷ ಮುಗಿಯುವವರೆಗೆ, ಯೇಸುವಿನ ನೆನಪಿಗೆ ಎಲ್ಲರೂ ಹಂಚಿ ತಿನ್ನುವ ಕರ್ತನ ಭೋಜನದ ರೊಟ್ಟಿ ಅವರಿಗಿಲ್ಲ. ಈ ನಿಯಮ ಬೈಬಲಿನ ಯಾವ ಪುಟದಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದವರನ್ನೂ ಅಲ್ಲೇ ಕೂರಿಸಿಬಿಟ್ಟರೆ?

ಆ ರೊಟ್ಟಿ ಮಾಡಿಕೊಡುತ್ತಿದ್ದವಳು ಬೇಕರಿಯವಳು. ಮೂರು ವರ್ಷದ ಹಿಂದೆ ಅವಳ ತಮ್ಮ ಕುಡಿದು ಬೇಕರಿಯ ವ್ಯಾನು ಓಡಿಸಿ ಗೋಡೆಗೆ ಗುದ್ದಿಸಿದ. ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಅಲ್ಲೇ ಸತ್ತುಹೋದ. ತಮ್ಮ ಜೈಲಿಗೆ ಹೋದ. ಈಗ ಶಿಕ್ಷೆ ಮುಗಿಸಿ ಬಂದಿದ್ದಾನೆ.

ಶನಿವಾರ ಬೆಳಿಗ್ಗೆ ಸಭೆಯ ಹಿರಿಯರಾದ ಮೇಷ್ಟ್ರು ಸಮಾಧಾನ ಹೇಳಲು ಬೇಕರಿಗೆ ಬಂದರು. ಅವಳು ಹಿಟ್ಟು ನಾದುತ್ತಿದ್ದಳು.

"ನಿಮ್ಮ ಮನಸ್ಸಿಗೆ ನೋವಾಗದ ಹಾಗೆ ನೋಡ್ಕೋತೀವಮ್ಮ. ಅವನಿಗೆ ಒಂದಲ್ಲ, ಮೂರು ವರ್ಷ ಬೆಂಚು."

"ನಾನು ಕೇಳಿದ್ನಾ ಮೇಷ್ಟ್ರೇ?"

"ಪ್ರಾಯಶ್ಚಿತ್ತ ಅಂತ ಒಂದು ಬೇಡ್ವಾ?"

"ಅದು ಶಿಲುಬೆ ಮೇಲೆ ಆಗೋಯ್ತು ಅಂತ ವಾರ ವಾರ ನೀವೇ ಹಾಡಿಸ್ತೀರಲ್ಲ. ಅಲ್ಲೇನು ಕೆಲಸ ಅರ್ಧಕ್ಕೆ ನಿಂತಿತ್ತಾ, ನೀವು ಬೆಂಚು ಹಾಕಿ ಮುಗಿಸೋಕೆ?"

ಮೇಷ್ಟ್ರ ಕಿವಿ ಕೆಂಪಾಯಿತು. "ಹಾಗಾದ್ರೆ ನೀವು ಅವನನ್ನ ಕ್ಷಮಿಸಿದ್ದೀರಿ ಅನ್ನಿ."

ಅವಳು ಹಿಟ್ಟನ್ನು ಹಲಗೆಗೆ ಅಪ್ಪಳಿಸಿದಳು. "ಇಲ್ಲ. ಆ ಹಾಳಾದವನನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಉರಿ ನಂದು. ಕರ್ತನ ಮೇಜು ನಂದಲ್ಲ, ನಿಮ್ದೂ ಅಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತದೆ ಗಾದೆ. ಈ ಮೇಷ್ಟ್ರನ್ನು ನೋಡಿದ್ದರೆ ಆ ಗಾದೆ, ಪಾಪ, ಪೂಜಾರಿಯನ್ನು ಬಿಟ್ಟುಬಿಡುತ್ತಿತ್ತು. ನಿಯಮ ನಿಯಮವೇ ಎಂದು ಹೇಳಿ ಅವರು ಎದ್ದು ಹೋದರು.

ಭಾನುವಾರ ತಮ್ಮ ತಲೆ ತಗ್ಗಿಸಿಕೊಂಡು ಆ ಬೆಂಚಿನ ಮೇಲೆ ಕೂತಿದ್ದ. ಬೇಕರಿಯವಳು ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಮುಂದಿನ ಸಾಲಿನ ತನ್ನ ಜಾಗ ಬಿಟ್ಟು, ಸೀದಾ ಬಂದು ಅವನ ಪಕ್ಕ ಕೂತಳು. ನಡುವೆ ಒಂದು ಮೊಳ ಜಾಗ ಬಿಟ್ಟಿದ್ದಳು.

ರೊಟ್ಟಿ ಮಾಡಿದವರು ಮೊದಲ ತುಂಡು ತಿಂದ ಮೇಲೇ ಮಿಕ್ಕವರಿಗೆ ಕೊಡುವುದು ಅಲ್ಲಿನ ಇನ್ನೊಂದು ನಿಯಮ. ಪಾದ್ರಿಗಳು ತುಂಡು ಹಿಡಿದು ಕಾದರು.

"ಮುಂದೆ ಬನ್ನಿ, ತಾಯಿ."

"ನೀವೇ ಇಲ್ಲಿಗೆ ತನ್ನಿ ಪಾದ್ರಿಗಳೇ. ನಿಮಗೇನು ಕಾಲಿಲ್ವಾ?"

ಪಾದ್ರಿಗಳು ಸ್ವಭಾವತಃ ಪುಕ್ಕಲು. ಮೇಷ್ಟ್ರ ಕಡೆ ನೋಡಿದರು, ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಆದರೂ, ಅದೇನು ಧೈರ್ಯ ಬಂತೋ, ಮೆಟ್ಟಿಲಿಳಿದು ಅಷ್ಟುದ್ದ ನಡೆದು ಬಂದರು.

ಅವಳು ತುಂಡನ್ನು ಮುರಿದು ಅರ್ಧ ಅವನ ಮುಂದೆ ಹಿಡಿದಳು.

"ಬೇಡ ಅಕ್ಕ. ನನಗೆ ಆ ಯೋಗ್ಯತೆ ಇಲ್ಲ."

"ಯೋಗ್ಯತೆ ಇರೋರು ಇಲ್ಲಿ ಯಾರಿದ್ದಾರೋ?" ಅವಳ ದನಿ ಕೊನೆಯ ಗೋಡೆಗೂ ಕೇಳಿಸಿತು. "ನಿನ್ನ ಭಾವನ್ನ ನೀನೇ ಕೊಂದೆ. ನಾಳೆನೂ ಹೇಳ್ತೀನಿ, ಸಾಯೋವರೆಗೂ ಹೇಳ್ತೀನಿ. ಈಗ ಬಾಯಿ ತೆಗಿ."

ಅವನು ಬಾಯಿ ತೆರೆದ. ಅವಳು ತಿನ್ನಿಸಿದಳು. ಆಮೇಲೆ, ಸಿಟ್ಟು ಇಳಿಯುವ ಮೊದಲೇ, ತನ್ನ ಪಾಲನ್ನೂ ತಿಂದಳು.