ಕಾಗೆಬಂಗಾರದ ಗುಂಡಿ

ಮೈಸೂರಿನ ಕೃಷ್ಣಮೂರ್ತಿಪುರಂನ ರಂಜನಿ ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಫೋನು, ಟಿ.ವಿ.ಗಳ ಒಳಗೆ ಕೂರುವ ಸಣ್ಣ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ಅದಕ್ಕೆ ಬೇಕಾದ ಅಭ್ರಕ, ಹಳಬರು ಕಾಗೆಬಂಗಾರ ಎನ್ನುವ ಮಿರುಗುವ ಕಲ್ಲು, ಜಾರ್ಖಂಡಿನಿಂದ ಬರುತ್ತಿತ್ತು. ಅದನ್ನು ತರಿಸುವುದು ರಂಜನಿಯ ಕೆಲಸ. ‘ಈ ಗಣಿಯಲ್ಲಿ ಮಕ್ಕಳು ದುಡಿಯುವುದಿಲ್ಲ’ ಎಂಬ ಪತ್ರಕ್ಕೆ ಪ್ರತಿವರ್ಷ ಸಹಿ ಹಾಕುತ್ತಿದ್ದವಳೂ ಅವಳೇ. ಗಣಿಯನ್ನು ಅವಳು ಕಂಡಿರಲಿಲ್ಲ.

ಈ ವರ್ಷ ಸಹಿಗೆ ಮುಂಚೆ, ಕಾರ್ಖಾನೆಯಲ್ಲಿ ಅಭ್ರಕದ ಪದರ ಬಿಡಿಸುವ ಕಡೆಗೆ ಮಾಲು ನೋಡಲು ಹೋದಳು. ಮೇಜಿನ ಮುಂದೆ ಫುಲ್ಮಣಿ ಕೂತಿದ್ದಳು. ಇಪ್ಪತ್ತರ ಹುಡುಗಿ, ಜಾರ್ಖಂಡಿನವಳು, ಮೈಸೂರಿಗೆ ಬಂದು ಮೂರು ವರ್ಷವಾಗಿತ್ತು. ಉಳಿದವರು ಚಾಕುವಿನಿಂದ ಬಿಡಿಸುತ್ತಿದ್ದ ಪದರಗಳನ್ನು ಅವಳು ಉಗುರಿನಿಂದಲೇ ಬಿಡಿಸುತ್ತಿದ್ದಳು.

“ಎಲ್ಲಿ ಕಲಿತೆ ಇದನ್ನ?”

“ಊರಲ್ಲಿ ಮೇಡಂ. ಆರು ವರ್ಷ ಇದ್ದಾಗ.”

ತಲೆ ಎತ್ತದೆಯೇ ಹೇಳಿದಳು. ಗುಂಡಿಗಳು ಇಕ್ಕಟ್ಟು, ದೊಡ್ಡವರು ತೂರಲಾರರು, ಮಕ್ಕಳೇ ಇಳಿಯಬೇಕು. ಒಂದು ಮಳೆಗಾಲ ಮಣ್ಣು ಕುಸಿದು ಅವಳ ತಮ್ಮ ಒಳಗೇ ಉಳಿದ.

“ಎರಡು ದಿನ ಅಗೆದ್ರು. ಮಣ್ಣು ಮಾಡಿದ ಮಾರನೇ ದಿನ ಅಮ್ಮ, ನಾನು ಪಕ್ಕದ ಗುಂಡಿಗೆ ಹೋದ್ವಿ.”

“ಈಗಲೂ ಮಕ್ಕಳು ಇಳೀತಾರಾ?”

“ನನ್ನ ತಂಗಿ ಇಳೀತಾಳೆ. ಒಂಬತ್ತು ವರ್ಷ ಅವಳಿಗೆ.” ಮೂಟೆಯ ಮೇಲಿದ್ದ ವ್ಯಾಪಾರಿಯ ಹೆಸರಿಗೆ ಬೆರಳಿಟ್ಟಳು. “ಇವ್ರೇ ನಮ್ಮ ಹತ್ರ ಕೊಳ್ಳೋದು.”

ರಂಜನಿ ನೇರವಾಗಿ ಮ್ಯಾನೇಜರ್ ಲಕ್ಷ್ಮೀನರಸಿಂಹ ಅವರ ಬಳಿ ಹೋದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಮಾಲು ಕೊಡೋ ವ್ಯಾಪಾರಿ ಪತ್ರ ಕೊಟ್ಟಿದಾರೆ, ನಾವು ನಂಬಿದೀವಿ. ಅಷ್ಟೇ ಕಣ್ರೀ. ನೀವು ಸಹಿ ಹಾಕದಿದ್ರೆ ಇನ್ನೊಬ್ರು ಹಾಕ್ತಾರೆ.”

ಅವಳು ಸಹಿ ಹಾಕಲಿಲ್ಲ. ಫುಲ್ಮಣಿಯ ಹೆಸರು ಬರದಂತೆ ಎಚ್ಚರವಹಿಸಿ, ಬಿಡಿಭಾಗ ಕೊಳ್ಳುವ ವಿದೇಶಿ ಕಂಪನಿಗೇ ಬರೆದುಬಿಟ್ಟಳು. ಎರಡು ತಿಂಗಳಲ್ಲಿ ಆ ವ್ಯಾಪಾರಿಯ ಮಾಲು ನಿಂತಿತು. ರಂಜನಿಯನ್ನು ಗೋದಾಮಿಗೆ ಹಾಕಿದರು. ಅವಳಿಗೆ ಬೇಸರವೇನೂ ಆಗಲಿಲ್ಲ. ಊಟದ ಹೊತ್ತಿಗೆ ಫುಲ್ಮಣಿಗೆ ಹೇಳಲು ಓಡಿದಳು.

ಫುಲ್ಮಣಿಗೆ ಆಗಲೇ ತಾಯಿಯ ಫೋನು ಬಂದಿತ್ತು.

“ಈಗ ಬೇರೆ ದಲ್ಲಾಳಿ ಬರ್ತಾನಂತೆ. ಅರ್ಧ ಬೆಲೆ ಕೊಡ್ತಾನಂತೆ. ತಂಗಿ ಮಧ್ಯಾಹ್ನದವರೆಗೆ ಸ್ಕೂಲಿಗೆ ಹೋಗ್ತಿದ್ಲು. ಅದೂ ಬಿಟ್ಬುಟ್ಟು ದಿನವಿಡೀ ಗುಂಡಿಗಿಳೀತಾಳೆ.”

ರಂಜನಿ ಊಟದ ಡಬ್ಬಿ ಮುಚ್ಚಿದಳು. “ನಾನು ಸುಮ್ನಿರ್ಬೇಕಿತ್ತಾ?”

“ಗೊತ್ತಿಲ್ಲ ಮೇಡಂ. ಆದ್ರೆ ನನ್ನ ಒಂದು ಮಾತು ಕೇಳಿ ಬರೀಬೇಕಿತ್ತು.”

ಆಮೇಲೆ ಫುಲ್ಮಣಿಯೇ ಹೇಳಿದಳು: ತಂಗಿಯನ್ನು ಕರೆತರಲು ರಜ ಕೇಳಿದ್ದೇನೆ, ಅಮ್ಮ ಒಪ್ಪುತ್ತಿಲ್ಲ.

“ನಾನೂ ಬರ್ಲಾ?”

“ಬನ್ನಿ. ಅಮ್ಮನ ಹತ್ರ ನೀವೇ ಮಾತಾಡಿ.”

ಆ ಶನಿವಾರ ಇಬ್ಬರೂ ರೈಲು ಹತ್ತಿದರು. ಫುಲ್ಮಣಿಯ ಮೂಲಕ ರಂಜನಿ ಎಷ್ಟು ಹೇಳಿದರೂ ಗಂಡುಮಗನನ್ನು ಕಳಕೊಂಡ ತಾಯಿ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಹುಡುಗಿಯ ತಲೆ ಬಾಚಿ, ಎರಡು ಜಡೆ ಹೆಣೆದು ಕಳಿಸಿಕೊಟ್ಟಳು. ಹೊರಡುವಾಗ ಅಕ್ಕಪಕ್ಕದ ಗುಂಡಿಗಳಿಂದ ಮಕ್ಕಳು ಎದ್ದು ಬಂದು ದಾರಿಯಲ್ಲಿ ನಿಂತರು. ರಂಜನಿ ಎಣಿಸಿದಳು, ಹದಿನಾಲ್ಕು. ಚಿಕ್ಕವನೊಬ್ಬ ಫುಲ್ಮಣಿಯ ಸೆರಗು ಹಿಡಿದು ಅವರ ಭಾಷೆಯಲ್ಲಿ ಏನೋ ಕೇಳಿದ.

“ಏನಂತೆ?”

“ಮುಂದಿನ ಸಲ ಯಾರನ್ನ ಕರ್ಕೊಂಡ್ ಹೋಗ್ತೀರಾ ಅಂತ,” ಎಂದಳು ಫುಲ್ಮಣಿ.