ಮಳೆಗೆ ಮುಂಚಿನ ಮೂರು ವಾರ

ನನ್ನ ಗಂಡ ಆ ದ್ವೀಪಕ್ಕೆ ಹೋಗಲು ನಾಲ್ಕು ವರ್ಷದಿಂದ ತಯಾರಿ ನಡೆಸಿದ್ದಾರೆ. ಇಷ್ಟು ಹೊತ್ತಿಗೆ ಈಜಿಕೊಂಡೇ ಹೋಗಿ ಬರಬಹುದಿತ್ತು.

ಅದಕ್ಕೆಂದೇ ಅವರ ಹತ್ತಿರ ಒಂದು ಹಸಿರು ಫೈಲಿದೆ. ಹಡಗು ಹೊರಡುವ ವೇಳೆ, ಗಾಳಿಯ ಲೆಕ್ಕ, ಹಡಗುಕಟ್ಟೆಯಿಂದ ರೂಮಿಗೆ ಎಷ್ಟು ಹೆಜ್ಜೆ, ರೂಮಿನಿಂದ ಆಸ್ಪತ್ರೆಗೆ ಎಷ್ಟು ಹೆಜ್ಜೆ, ಎಲ್ಲ ಅದರಲ್ಲಿದೆ. ಅವರು ಬಸ್ ಡಿಪೋದಲ್ಲಿ ಟೈಂಕೀಪರ್. ಒಂದು ಟ್ರಿಪ್ಪಿಗೆ ನಲವತ್ತು ನಿಮಿಷ ಸಾಕಾದರೆ ಇವರು ನಲವತ್ತೇಳು ಬರೆಯುತ್ತಾರೆ. ಡ್ರೈವರುಗಳೆಲ್ಲ ಅವರನ್ನು ಮಾರ್ಜಿನ್ ಸಾರ್ ಎಂದೇ ಕರೆಯುವುದು. ಇಂಥವರನ್ನು ಕಟ್ಟಿಕೊಂಡು ಪ್ರವಾಸ ಹೋಗುವುದೆಂದರೆ ಏನು ಎಂದು ನೀವೇ ಯೋಚಿಸಿ.

ಸುತ್ತಿ ಬಳಸಿ ಹೇಳುವುದು ನನ್ನಿಂದಾಗದು, ನೇರವಾಗಿ ಹೇಳಿಬಿಡುತ್ತೇನೆ. ನನ್ನ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕೂವರೆ ವರ್ಷವಾಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಡಯಾಲಿಸಿಸ್ ಮೆಷಿನ್ನಿಗೆ ಕೈ ಕೊಟ್ಟು ಮಲಗಬೇಕು. ಸೋಮವಾರ, ಬುಧವಾರ, ಶುಕ್ರವಾರ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜಿನ ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ, ಕಣ್ಣಿಗೂ ಕಾಣದಷ್ಟು ಸಣ್ಣ ತಿರುಪು ಬಿಗಿಯುವುದು. ಭಾನುವಾರ ಗಂಡನ ಜೊತೆ ಜಗಳ. ವಾರ ಮುಗಿಯಿತು.

ಬೇರೆಯವರ ಕಿಡ್ನಿ ಕೂರಿಸಿದರೆ ಈ ಮೆಷಿನ್ನು ತಪ್ಪುತ್ತದೆ. ಸತ್ತವರ ಮನೆಯವರು ದಾನ ಕೊಟ್ಟಾಗ ಸರದಿಯಂತೆ ಕೊಡಲು ಒಂದು ಪಟ್ಟಿಯಿದೆ, ಅದರಲ್ಲಿ ನನ್ನ ಹೆಸರೂ ಇದೆ. ನನ್ನದು ಓ ಗುಂಪಿನ ರಕ್ತ. ಓ ಗುಂಪಿನವರದ್ದೇ ಬೇಕು, ಬೇರೆ ಯಾವುದೂ ಆಗುವುದಿಲ್ಲ, ಗಂಡನದ್ದೂ ಹೊಂದಲಿಲ್ಲ. ಯಾವತ್ತು, ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಬರಬಹುದು, ಬಂದ ನಾಲ್ಕು ಗಂಟೆಯೊಳಗೆ ನಾನು ಆಸ್ಪತ್ರೆಯಲ್ಲಿರಬೇಕು. ಹಾಗಾಗಿ ನಾಲ್ಕು ವರ್ಷದಿಂದ ಈ ಊರು ಬಿಟ್ಟು ಕದಲಿಲ್ಲ. ಸ್ನಾನಕ್ಕೆ ಹೋದರೆ ಫೋನು ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗೇ ಬರುತ್ತದೆ. ಯಾವನೋ ರಾಂಗ್ ನಂಬರಿನವನು ಬೆಳಿಗ್ಗೆ ಐದಕ್ಕೆ ಫೋನ್ ಮಾಡಿದ ದಿನ ನಾವಿಬ್ಬರೂ ಹಾಸಿಗೆಯಿಂದ ಹಾರಿ ಬಿದ್ದು, ಇವರು ಎರಡೂ ಕಾಲನ್ನು ಪ್ಯಾಂಟಿನ ಒಂದೇ ಕಾಲಿನೊಳಗೆ ತೂರಿಸಿದ್ದರು. ಆ ಮನುಷ್ಯನಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ನನಗೆ ಸಮುದ್ರದ ಹುಚ್ಚೇನೂ ಇಲ್ಲ. ಆ ನಾಲ್ಕು ಗಂಟೆಯ ಗೆರೆ ದಾಟಬೇಕು, ಅಷ್ಟೇ. ರಾತ್ರಿ ಮಲಗಿದರೆ ಕಾಲು ಸುಮ್ಮನಿರದು, ತನ್ನಷ್ಟಕ್ಕೆ ಒದೆಯುತ್ತಿರುತ್ತದೆ. ಅದು ಈ ಕಾಯಿಲೆಯವರಿಗೆ ಸಾಮಾನ್ಯ ಎನ್ನುತ್ತಾರೆ ಡಾಕ್ಟರು. ನನಗೇನೋ ಕಾಲಿಗೂ ತಲೆ ಕೆಟ್ಟಿದೆ ಅನ್ನಿಸುತ್ತದೆ.

ದ್ವೀಪದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮೆಷಿನ್ನು ಇರುವುದು ಎರಡೇ. ಸೀಸನ್ನಿನಲ್ಲಿ ಹೊರಗಿನಿಂದ ಬಂದವರು ಮೊದಲೇ ಹಿಡಿದಿಟ್ಟಿರುತ್ತಾರೆ. ಮಳೆ ಹಿಡಿಯಿತೆಂದರೆ ಹಡಗು ನಿಲ್ಲುತ್ತದೆ. ಜನ ಕರಗಿ, ಮಳೆ ಇನ್ನೂ ಬಾರದ ಮೂರು ವಾರ ಇದೆ ನೋಡಿ, ವಸಂತ ಮುಗಿಯುವ ಹೊತ್ತು, ಆಗ ಮಾತ್ರ ನಮ್ಮಂಥವರಿಗೆ ಜಾಗ. ಡಯಾಲಿಸಿಸ್ ಸಿಸ್ಟರ್‌ಗೆ ಇದನ್ನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು.

"ಅಲ್ಲಾ ಅಕ್ಕಾ, ಎಳನೀರು ಕುಡಿಯೋ ಹಾಗಿಲ್ಲ, ಬಾಳೆಹಣ್ಣು ತಿನ್ನೋ ಹಾಗಿಲ್ಲ, ದಿನಕ್ಕೆ ಒಂದು ಲೀಟರ್ ನೀರು. ಅಲ್ಲಿ ಹೋಗಿ ಏನ್ ಮಾಡ್ತೀರಿ?"

"ಬೇರೆಯವರು ಕುಡಿಯೋದು ನೋಡಿ ಹೊಟ್ಟೆ ಉರ್ಕೋತೀನಿ," ಎಂದೆ. "ಇಲ್ಲಿ ಉರ್ಕೊಳ್ಳೋದಕ್ಕಿಂತ ಅಲ್ಲಿ ಗಾಳಿ ಚೆನ್ನಾಗಿರುತ್ತೆ."

ಮೊದಲ ವರ್ಷ ಇವರು ಚಂಡಮಾರುತ ಎಂದರು. ಎರಡನೇ ವರ್ಷ ಹಡಗಿನ ರಿಪೇರಿ. ಮೂರನೇ ವರ್ಷ ಡಿಪೋದಲ್ಲಿ ರಜೆ ಸಿಗಲಿಲ್ಲ. ಈ ವರ್ಷ ಒಂದು ತಿಂಗಳಿಂದ, "ಆಸ್ಪತ್ರೆಯೋರು ಉತ್ತರಾನೇ ಬರೆದಿಲ್ಲ ಕಣೇ, ನಾನೇನ್ ಮಾಡ್ಲಿ," ಎನ್ನುವ ರಾಗ. ಮೂರು ವಾರದಲ್ಲಿ ಒಂದು ವಾರ ಆಗಲೇ ಬೇರೆಯವರ ಪಾಲಾಗಿತ್ತು. ಹೀಗೆ ಮೀನ ಮೇಷ ಎಣಿಸುತ್ತಾ ಕೂತರೆ ಇದೂ ಹೋದ ಹಾಗೇ ಎಂದು ಬುಧವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ನಾನೇ ದ್ವೀಪದ ಆಸ್ಪತ್ರೆಗೆ ಫೋನ್ ಮಾಡಿದೆ.

ಎತ್ತಿದವಳು ನನ್ನ ಹೆಸರು ಕೇಳಿದ್ದೇ ತಡ, "ಅಯ್ಯೋ, ನಿಮಗೇ ಕಾಯ್ತಾ ಇದೀವಿ," ಎಂದಳು. "ಮಂಗಳವಾರ, ಗುರುವಾರ, ಶನಿವಾರ, ಮೂರೂ ದಿನ ಜಾಗ ಇಟ್ಟಿದೀವಿ ಅಂತ ಬರೆದು ಹನ್ನೊಂದು ದಿನ ಆಯ್ತು. ನಿಮ್ಮ ಯಜಮಾನ್ರೇ ಮಾತಾಡಿದ್ರಲ್ಲ? ನಿಮ್ಮೂರಿನ ಆಸ್ಪತ್ರೆ ಕಾಗದ ಒಂದು ಬಾಕಿ. ಶುಕ್ರವಾರದೊಳಗೆ ಬರಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀವಮ್ಮ."

ಹನ್ನೊಂದು ದಿನ! ನನ್ನ ಮೈಯೆಲ್ಲ ಉರಿದು ಹೋಯಿತು. ಅಂಗಡಿಯ ಮಾಲೀಕರಿಗೆ ನನಗೆ ತಲೆನೋವು ಎಂದು ಸುಳ್ಳು ಹೇಳಿ, ಅರ್ಧ ಬಿಗಿದ ತಿರುಪನ್ನು ಹಾಗೇ ಬಿಟ್ಟು, ಸೀದಾ ಡಿಪೋಗೆ ನಡೆದೆ.

ಟೈಂಕೀಪರ್ ಕೋಣೆ ಎಂದರೆ ಒಂದು ಗಾಜಿನ ಪೆಟ್ಟಿಗೆ. ಒಂದು ಮೇಜು, ಗೋಡೆ ಗಡಿಯಾರ, ದೊಡ್ಡ ರಿಜಿಸ್ಟರು, ಬಸ್ಸು ಬಿಡಲು ಒತ್ತುವ ಒಂದು ಗಂಟೆ. ಹೊರಗೆ ಡೀಸೆಲ್ ಹೊಗೆ. ಒಳಗೆ ಇವರು, ಕಿವಿಯ ಮೇಲೆ ಪೆನ್ಸಿಲ್ಲು. ನನ್ನನ್ನು ನೋಡಿದ್ದೇ ಎದ್ದು ನಿಂತು, "ಫೋನ್ ಬಂತಾ?" ಎಂದರು.

"ಬರಲಿಲ್ಲ, ನಾನೇ ಮಾಡ್ದೆ. ದ್ವೀಪಕ್ಕೆ."

ಅವರು ಕೂತರು.

"ಹನ್ನೊಂದು ದಿನದಿಂದ ನನ್ನ ಕಿವಿ ಮೇಲೆ ಹೂ ಇಡ್ತಿದೀರಲ್ರೀ! ಚಂಡಮಾರುತ ಅಂದ್ರಿ, ನಂಬಿದೆ. ಹಡಗು ಕೆಟ್ಟಿದೆ ಅಂದ್ರಿ, ಅದನ್ನೂ ನಂಬಿದೆ. ಅದೂ ಸುಳ್ಳೇ ಇರ್ಬೇಕು?"

"ಹಡಗು ನಿಜವಾಗ್ಲೂ ಕೆಟ್ಟಿತ್ತು," ಎಂದರು ಮೆಲ್ಲಗೆ.

ಅಷ್ಟರಲ್ಲಿ ಒಬ್ಬ ಡ್ರೈವರು ಕಿಟಕಿಯಲ್ಲಿ ತಲೆ ತೂರಿಸಿ, "ಮಾರ್ಜಿನ್ ಸಾರ್, ಹದಿನೆಂಟನೇ ನಂಬರ್ ಬಸ್ ಬಂತು," ಎಂದ. ಇವರು ರಿಜಿಸ್ಟರು ತಳ್ಳಿದರು, ಅವನು ಸಹಿ ಮಾಡಿದ. ನನ್ನ ಮುಖ ನೋಡಿದವನೇ ಪೆನ್ನನ್ನೂ ಅಲ್ಲೇ ಬಿಟ್ಟು ಕಾಲು ಕಿತ್ತ.

ಇವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ನಮ್ಮ ಆಸ್ಪತ್ರೆಯ ಅರ್ಜಿ. ಊರು ಬಿಟ್ಟು ದೂರ ಹೋಗುವುದಾದರೆ ಅಷ್ಟು ದಿನ ಪಟ್ಟಿಯಲ್ಲಿ ನನ್ನ ಹೆಸರನ್ನು ತಡೆಹಿಡಿಯಬೇಕು. ಹೆಸರು ತೆಗೆಯುವುದಿಲ್ಲ, ನನ್ನ ಸರದಿಯೂ ಹಿಂದಕ್ಕೆ ಹೋಗುವುದಿಲ್ಲ. ಆದರೆ ನಾವು ಹೋಗಿ ಬರುವ ಒಂಬತ್ತು ದಿನದಲ್ಲಿ ನನಗೆ ಹೊಂದುವ ಕಿಡ್ನಿ ಬಂದರೆ ಫೋನು ನನಗೆ ಬರುವುದಿಲ್ಲ, ಮುಂದಿನವರಿಗೆ ಹೋಗುತ್ತದೆ. ಕೆಳಗೆ ರೋಗಿಯ ಸಹಿಗೆ ಒಂದು ಗೆರೆ, ಮನೆಯವರ ಸಹಿಗೆ ಇನ್ನೊಂದು. ಎರಡೂ ಖಾಲಿ.

"ಈಗ ತಿಳೀತಾ?" ಎಂದರು.

"ನನಗೆ ಮೊದಲೇ ಗೊತ್ತು. ಸಿಸ್ಟರ್ ಹೇಳಿದಾಳೆ."

"ಗೊತ್ತಿದ್ದೂ ಹೋಗ್ತೀಯಾ?"

"ಹೋಗ್ತೀನಿ."

"ನಾನು ಸಹಿ ಹಾಕಲ್ಲ."

"ಯಾಕೆ ಹಾಕಲ್ಲ? ನಾಲ್ಕು ವರ್ಷದಲ್ಲಿ ಬಾರದ್ದು ಒಂಬತ್ತು ದಿನದಲ್ಲಿ ಬಂದ್ಬಿಡುತ್ತಾ? ರೀ, ಒಂಬತ್ತು ದಿನ ಫೋನು ಬರೀ ಫೋನಾಗಿರ್ಲಿ. ಸ್ನಾನಕ್ಕೆ ನಾನೊಬ್ಬಳೇ ಹೋಗ್ತೀನಿ. ನೀವು ಪ್ಯಾಂಟನ್ನ ಸರಿಯಾಗಿ ಹಾಕ್ಕೊಳ್ಳಿ. ಇಷ್ಟು ಕೇಳೋದು ತಪ್ಪಾ? ನಿಮಗೆ ಹೆದರಿಕೆ. ಹೆದರುಪುಕ್ಕಲರು ನೀವು, ಮೊದಲಿಂದಲೂ!"

ಹಾಗನ್ನಬಾರದಿತ್ತು. ಅಂದಾಗಿತ್ತು. ಅವರು ಗಡಿಯಾರ ನೋಡಿದರು. ಮುಂದಿನ ಬಸ್ಸಿಗೆ ಹನ್ನೊಂದು ನಿಮಿಷವಿತ್ತು.

"ಮೂಲೆ ಅಂಗಡಿ ಬೀಗದವನು ಗೊತ್ತಲ್ಲ," ಎಂದರು.

"ಅವನ ಮಾತು ಯಾಕೀಗ?"

"ಹೋದ ವರ್ಷ ಏಣಿಯಿಂದ ಬಿದ್ನಲ್ಲ."

"ಬಿದ್ದ. ನೀವೇ ಆಸ್ಪತ್ರೆಗೆ ಕರ್ಕೊಂಡು ಹೋದ್ರಿ. ಇಡೀ ಬೀದಿ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ತಲೆಗೆ ಪೆಟ್ಟು. ಏನೂ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು. ಅವನ ಹೆಂಡ್ತಿ ಹೊರಗೆ ಬೆಂಚಿನ ಮೇಲೆ ಕೂತಿದ್ಲು. ನಾನೂ ಹೋಗಿ ಪಕ್ಕದಲ್ಲಿ ಕೂತೆ." ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಕೂತು ಮೊದಲು ಏನು ಕೇಳ್ದೆ ಗೊತ್ತಾ? ನಿಮ್ಮನೆಯವರ ಬ್ಲಡ್ ಗ್ರೂಪ್ ಯಾವ್ದಮ್ಮಾ ಅಂತ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ರಕ್ತ ಕೊಡೋಕೆ ಕೇಳ್ತಿದೀನಿ ಅಂದ್ಕೊಂಡ್ಲು ಅವಳು. ನನ್ನ ಎರಡೂ ಕೈ ಹಿಡ್ಕೊಂಡು, 'ಓ ಪಾಸಿಟಿವ್ ಅಣ್ಣಾ, ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ' ಅಂದ್ಲು. ನಾನು ಕೈ ಬಿಡಿಸ್ಕೊಳ್ಳಲಿಲ್ಲ. ಹಾಗೇ ಕೂತಿದ್ದೆ. ನಿನ್ನ ಫೋನು ಚಾರ್ಜಿದೆಯಾ, ಆಪರೇಷನ್ನಿಗೆ ನಿನ್ನ ಹೊಟ್ಟೆ ಖಾಲಿ ಇದೆಯಾ, ಅದೇ ಲೆಕ್ಕ ಹಾಕ್ತಾ ಕೂತಿದ್ದೆ."

"ಅವನು ಬದುಕಿದನಲ್ರೀ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಹ್ಞೂಂ. ಸಂಜೆ ಕಣ್ಣು ಬಿಟ್ಟ. ಎಲ್ಲರೂ ಖುಷಿಗೆ ಅತ್ರು. ನನಗೆ ಎದೆ ಕುಸೀತು ಕಣೇ. ಒಂದೇ ಗಳಿಗೆ. ಆದ್ರೆ ಕುಸೀತು. ಈಗ್ಲೂ ಅವನು ದಿನಾ ಅಂಗಡಿಯಿಂದ ಕೈ ಬೀಸ್ತಾನೆ. ನಾನು ಆ ಬೀದೀಲಿ ಓಡಾಡೋದೇ ಬಿಟ್ಟಿದೀನಿ."

ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇವರಿಗೆ ಅದರ ಪರಿವೆಯೇ ಇರಲಿಲ್ಲ.

"ಬೇರೆಯವರ ಸಾವಿಗೆ ಅಷ್ಟು ಆಸೆಯಿಂದ ಕಾದಿದೀನಿ. ಪೇಪರ್ ತೆಗೆದ್ರೆ ಮೊದಲು ಅಪಘಾತದ ಸುದ್ದಿನೇ ನೋಡ್ತೀನಿ, ವಯಸ್ಸೆಷ್ಟು ಅಂತ ನೋಡ್ತೀನಿ. ಇಷ್ಟೆಲ್ಲ ಮಾಡಿ, ನಾವು ಅಲ್ಲಿ ಮರಳಲ್ಲಿ ಕೂತಿರೋ ಒಂಬತ್ತು ದಿನದಲ್ಲೇ ಅದು ಬಂದು ಹೊರಟುಹೋದ್ರೆ? ನಾನು ಇಷ್ಟು ಕೆಟ್ಟೋನಾಗಿದ್ದು ಯಾತಕ್ಕೆ ಆಗ? ಅದೂ ದಂಡ ಆಗ್ಹೋಗುತ್ತಲ್ಲ."

ನನಗೆ ಬೈಯಬೇಕೆನ್ನಿಸಿತು, ಬಾಯಿ ಬರಲಿಲ್ಲ. ತಬ್ಬಿಕೊಳ್ಳೋಣವೆಂದರೆ ನಾಲ್ಕೂ ಕಡೆ ಗಾಜು, ಹೊರಗೆ ಡಿಪೋಗೆ ಡಿಪೋನೇ ನಿಂತು ನೋಡುತ್ತಿತ್ತು. ನಾಲ್ಕು ವರ್ಷದಿಂದ ಈ ಮನುಷ್ಯನ ಪಕ್ಕದಲ್ಲಿ ಮಲಗಿ ನಾನು ಬರೀ ನನ್ನ ಕಾಲಿನ ಚಿಂತೆ ಮಾಡಿದ್ದೆ. ನಾಚಿಕೆಯಾಯಿತು. ಯಾರಿಗೂ ಹೇಳಬಾರದು ಎಂದುಕೊಂಡಿದ್ದನ್ನು ಆಗ ಹೇಳಿದೆ.

"ಮಳೆಗಾಲದಲ್ಲಿ ಸುದ್ದೀಲಿ ಹೇಳ್ತಾರಲ್ಲ, ರಸ್ತೆ ಜಾರುತ್ತೆ, ಹುಷಾರಾಗಿ ಗಾಡಿ ಓಡಿಸಿ ಅಂತ? ಆಗೆಲ್ಲ ನಾನು ಎದ್ದು ಹೋಗಿ ಚಾರ್ಜರ್ ಹುಡುಕ್ತೀನಿ ರೀ."

ಅವರು ನನ್ನನ್ನೇ ನೋಡಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಯಾವತ್ತೂ ಹಾಗೆ ನೋಡಿದ್ದಿಲ್ಲ.

"ನೀನೂನಾ?" ಎಂದರು.

"ಮತ್ತೆ? ನೀವೊಬ್ಬರೇ ಕೆಟ್ಟೋರು ಅಂದ್ಕೊಂಡ್ರಾ? ನಾನು ಹೋಗ್ಬೇಕು ಅಂತಿರೋದು ಅದಕ್ಕೇ. ಎಳನೀರಿಗಲ್ಲ. ಒಂಬತ್ತು ದಿನ ಯಾರ ಸಾವಿಗೂ ಕಾಯದೆ ಇರ್ಬೇಕು. ಯಾರು ಏಣಿ ಹತ್ತಿದ್ರೂ, ಪಾಪ, ಇಳಿದು ಬರ್ಲಿ ಅನ್ನಿಸ್ಬೇಕು. ಆಮೇಲೆ ವಾಪಸ್ ಬಂದು ಮತ್ತೆ ಕಾಯೋಣ. ಕಾಯದೆ ವಿಧಿಯಿಲ್ಲ, ನನಗೂ ಬದುಕ್ಬೇಕು."

ಕಿಟಕಿಯಲ್ಲಿ ಮತ್ತೆ ಡ್ರೈವರನ ತಲೆ ಕಂಡಿತು. "ಸಾರ್, ನಾಲ್ಕು ನಿಮಿಷ ಲೇಟಾಯ್ತು. ಗಂಟೆ ಒತ್ತಿ ಸಾರ್."

ಇವರು ಗಂಟೆ ಒತ್ತಿದರು. ಬಸ್ಸು ಹೋಯಿತು. ರಿಜಿಸ್ಟರಿನಲ್ಲಿ ತಡವಾಗಿದ್ದಕ್ಕೆ ಕಾರಣ ಬರೆಯುವ ಜಾಗದಲ್ಲಿ ಪೆನ್ಸಿಲ್ಲು ಇಟ್ಟು, ಏನು ಬರೆಯುವುದೆಂದು ತಿಳಿಯದೆ ಕೂತರು. ನಾನು ಅರ್ಜಿಯ ಮೇಲೆ ನನ್ನ ಗೆರೆಯಲ್ಲಿ ಸಹಿ ಹಾಕಿ, ಹಾಳೆಯನ್ನು ಅವರ ಕಡೆಗೆ ತಿರುಗಿಸಿಟ್ಟು, ಮನೆಗೆ ಬಂದೆ.

ಸಂಜೆ ಅವರೂ ಬಂದರು. ಒಂದು ಸಲ ಎದ್ದು ಬಾಗಿಲ ತನಕ ಹೋದರು, ವಾಪಸ್ ಬಂದರು. ನಾನು ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ನಾಳೆ ಬಿಟ್ಟರೆ ಶುಕ್ರವಾರ ಒಂದೇ ದಿನ ಉಳಿದಿತ್ತು.

ಗುರುವಾರ ಬೆಳಿಗ್ಗೆ ನನ್ನ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಅವರು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದರು. ಡಿಪೋಗೆ ಅರ್ಧ ದಿನ ರಜೆ ಹಾಕಿದ್ದರಂತೆ. ಕೈಯಲ್ಲಿ ಆ ಹಾಳೆ. ಇಬ್ಬರೂ ಪಟ್ಟಿ ನೋಡಿಕೊಳ್ಳುವ ಮೇಡಂ ಕೋಣೆಗೆ ಹೋದೆವು. ಚಿಕ್ಕ ವಯಸ್ಸಿನವಳು, ಮೃದುವಾಗಿ ಮಾತಾಡುತ್ತಾಳೆ, ನಾಲ್ಕು ವರ್ಷದಿಂದ ನಮ್ಮನ್ನು ಬಲ್ಲವಳು. ಅವಳ ಎದುರಿಗೇ ಇವರು ಸಹಿ ಹಾಕಿದರು. ಅಕ್ಷರ ಅಕ್ಷರ ಬಿಡಿಸಿ ಬರೆದರು.

ಮೇಡಂ ಕಂಪ್ಯೂಟರಿನಲ್ಲಿ ನನ್ನ ಹೆಸರಿದ್ದ ಪುಟ ತೆರೆದಳು. "ಹಡಗುಕಟ್ಟೆಗೆ ಬಸ್ಸು ಭಾನುವಾರ ಬೆಳಿಗ್ಗೆ, ವಾಪಸ್ ಅದರ ಮುಂದಿನ ವಾರದ ಸೋಮವಾರ, ಅಲ್ವಾ ಸಾರ್? ದ್ವೀಪದವರಿಗೆ ಕಾಗದ ಇವತ್ತೇ ಕಳಿಸ್ತೀನಿ. ತಡೆ ಭಾನುವಾರದಿಂದ ಹಾಕ್ತೀನಿ. ಶನಿವಾರ ರಾತ್ರಿ ಕೂಡ ಫೋನ್ ಬರಬಹುದು, ಹೇಳೋಕಾಗಲ್ಲ."

"ಬೇಡಮ್ಮ," ಎಂದರು ಇವರು. "ಶನಿವಾರದಿಂದಲೇ ಹಾಕಿ."

ಅವಳು ತಲೆಯೆತ್ತಿದಳು. "ಶನಿವಾರ ನೀವು ಊರಲ್ಲೇ ಇರ್ತೀರಲ್ಲ ಸಾರ್. ಸುಮ್ಮನೆ ಒಂದು ದಿನ ಯಾಕೆ ಕಳ್ಕೋತೀರಿ?"

"ಫೋನಿಗೆ ಕಾಯದೆ ಒಂದು ರಾತ್ರಿ ಮನೇಲಿ ಮಲಗ್ಬೇಕಮ್ಮ," ಎಂದರು. "ನಾಲ್ಕು ವರ್ಷ ಆಯ್ತು."

ಅವಳು ನನ್ನ ಮುಖ ನೋಡಿದಳು. ಪಟ್ಟಿಯಲ್ಲಿರುವುದು ನನ್ನ ಹೆಸರು, ಕಳೆದುಕೊಳ್ಳುವ ದಿನವೂ ನನ್ನದೇ.

"ಹಾಕಮ್ಮ," ಎಂದೆ. "ಶನಿವಾರದಿಂದ."