ಎದೆಯ ಮೇಲಿನ ಟಾಕು

"ಇನ್ನೊಂದ್ ಕೊಡ ಸುರಿ, ಕೂದಲಾಗಿನ ಸೀಗಿಪುಡಿ ಹೋಗಿಲ್ಲ," ಎಂದಳು ಕೆಂಪವ್ವ.

ಕಸ್ತೂರೆವ್ವ ಸುರಿದಳು. ಬನಹಟ್ಟಿಯ ಆ ನೇಕಾರರ ಮನೆಯ ಹಿತ್ತಲಲ್ಲಿ ಸೀರೆ ಮರೆ ಕಟ್ಟಿ, ಮಣೆಯ ಮೇಲೆ ಶಿವವ್ವನ ಹೆಣ ಕೂರಿಸಿದ್ದರು. ಮಲತಾಯಿಗೆ ನೀರೆರೆಯಲು ಓಣಿಯ ಯಾರಾದರೂ ಸಾಕಿತ್ತು. ಟಾಕು ಬಿಚ್ಚಲು ಮಾತ್ರ ಕಸ್ತೂರೆವ್ವನೇ ಬೇಕೆಂದು ಚಿಮ್ಮಡದಿಂದ ಕರೆಸಿದ್ದರು.

ಎರಡನೆಯವಳಾಗಿ ಬಂದವಳು ಸತ್ತ ಸವತಿಯ ಮೂರ್ತಿ ಕೊರೆದ ಬೆಳ್ಳಿಯ ಬಿಲ್ಲೆಯನ್ನು, ಅಂದರೆ ಟಾಕನ್ನು, ಕೊರಳಿಗೆ ಕಟ್ಟಿಕೊಳ್ಳಬೇಕು. ಅವಳು ಸತ್ತ ದಿನ ಮೊದಲಿನವಳ ಮಕ್ಕಳೇ ಅದನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಸವತಿಯರಿಬ್ಬರ ಜಗಳ ಕುಣಿಯಲ್ಲೂ ಮುಗಿಯುವುದಿಲ್ಲವೆಂದು ಆ ಮನೆಯವರ ನಂಬಿಕೆ.

"ಬಿಚ್ಚವ್ವಾ. ಸ್ವಾಮಿಗಳು ಬಂದು ಕುಂತಾರ."

"ನಾ ಬಿಚ್ಚೂದಿಲ್ಲ ಅತ್ತಿ."

ಕೆಂಪವ್ವ ಅಪ್ಪನ ಅಕ್ಕ. ಸಾವಿನ ಮನೆಯ ಕೆಲಸಗಳಲ್ಲಿ ಪಳಗಿದ ಅವಳ ಕೈಯೂ ನಿಂತಿತು.

"ಸತ್ತಾಕಿ ಮ್ಯಾಲ ಎಂಥಾ ಸಿಟ್ಟವ್ವಾ?"

"ನಮ್ಮವ್ವನ್ನ ಎರಡು ಸಲ ಕೊಂದಾಳ ಈಕಿ. ಕುಣಿಯಾಗೂ ನಮ್ಮವ್ವ ಈಕಿ ಕುತ್ತಿಗಿ ಹಿಡಕೊಂಡೇ ಕುಂದರ್ಲಿ."

*

ಅವ್ವ ಭಾಗವ್ವ ಹಿತ್ತಲ ಬಾವಿಗೆ ಬಿದ್ದಾಗ ಕಸ್ತೂರೆವ್ವನಿಗೆ ಒಂಬತ್ತು ವರ್ಷ. ಮಗ್ಗದ ಕಂಡಿಕೆಗೆ ನೂಲು ಸುತ್ತಲು ನೆರವಾಗಲೆಂದು ಭಾಗವ್ವನೇ ಕರೆತಂದಿದ್ದ ಚಿಕ್ಕಪ್ಪನ ಮಗಳು ಶಿವವ್ವ ಒಬ್ಬಳೇ ಆಗ ಅಲ್ಲಿದ್ದಳು. ಆರು ತಿಂಗಳಿಗೆ ಅಪ್ಪ ಅಂದಾನೆಪ್ಪ ಅವಳನ್ನೇ ಮದುವೆಯಾದ. ಓಣಿ ಏನು ಆಡಿಕೊಳ್ಳಬೇಕೋ ಅದನ್ನೆಲ್ಲ ಆಡಿಕೊಂಡಿತು.

ಅದೇ ವರ್ಷ ಒಂದು ಮಧ್ಯಾಹ್ನ, ಮರೆತ ಪಾಟಿಗಾಗಿ ಹುಡುಗಿ ಸಾಲೆಯಿಂದ ಓಡಿಬಂದಳು. ಶಿವವ್ವ ಒಲೆಯ ಮುಂದೆ ಕೂತು ಟಾಕನ್ನು ಇಕ್ಕಳದಲ್ಲಿ ಹಿಡಿದು ಕೆಂಡದಲ್ಲಿ ಕಾಯಿಸುತ್ತಿದ್ದಳು.

"ಸುಮ್ಮನಾಗಕ್ಕಾ, ಇನ್ನರ ಸುಮ್ಮನಾಗ," ಎಂದು ಅದರೊಡನೆ ಮಾತಾಡುತ್ತಿದ್ದಳು.

"ನಮ್ಮವ್ವನ್ನ ಸುಡಾಕತ್ತಾಳ್ರೋ!" ಎಂದು ಹುಡುಗಿ ಬೀದಿಗೆ ಬಿದ್ದಳು. ಜನ ಸೇರಿದರು. ಶಿವವ್ವ ಟಾಕನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಂದಿನಿಂದ ಹುಡುಗಿ ಅವಳನ್ನು ಚಿಗವ್ವ ಎನ್ನಲಿಲ್ಲ, ಅವಳು ಬಡಿಸಿದ್ದನ್ನು ಬಾಯಿಗಿಡಲೂ ಇಲ್ಲ.

ಇಪ್ಪತ್ತೆರಡು ವರ್ಷದ ಮೇಲೆ, ಮೊನ್ನೆ ಸೋಮವಾರ, ಹಾಸಿಗೆ ಹಿಡಿದ ಶಿವವ್ವ ಅವಳನ್ನು ಕರೆಸಿ ಹೇಳಿದ್ದಳು:

"ನಾ ನೂಕಲಿಲ್ಲವ್ವಾ. ಕಾಲು ಜಾರಿ ಬಿದ್ಲು. ಹಗ್ಗಾ ಕೆಳಗ ಬಿಡ ಶಿವಿ ಅಂತ ಒದರಿದ್ಲು. ಹಗ್ಗ ನನ್ನ ಕೈಯಾಗ ಇತ್ತು."

"ಮತ್ತ?"

"ಕೈಯಾಗ ಇತ್ತು."

ಕಸ್ತೂರೆವ್ವ ಎದ್ದು ಮುಂದಿನ ಬಸ್ಸಿಗೇ ಚಿಮ್ಮಡಕ್ಕೆ ಹೋಗಿದ್ದಳು.

*

"ಬಿಚ್ಚದಿದ್ರ ಬಿಡು, ಮೈಯರ ತೊಳ್ಯೂಣು," ಎಂದು ಕೆಂಪವ್ವ ಹೆಣದ ಕುಪ್ಪಸಕ್ಕೆ ಕೈಹಾಕಿದಳು. ಉರಿಬೇಸಿಗೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕುತ್ತಿದ್ದ ಹೆಂಗಸು ಶಿವವ್ವ. ಮೂರು ಗುಂಡಿ ಬಿಚ್ಚುವಷ್ಟರಲ್ಲಿ ಕೆಂಪವ್ವ ಹಿಂದೆ ಸರಿದಳು.

"ಶಿವನೇ!"

ಎದೆಯ ತುಂಬ ಟಾಕಿನಗಲದ ಸುಟ್ಟ ಕಲೆಗಳು. ಹಳೆಯವು ಕಪ್ಪಾಗಿ ಒಂದರ ಮೇಲೊಂದು ಏರಿದ್ದವು. ಕೆಳಗಿನದೊಂದು ಇನ್ನೂ ಮಾಯ್ದಿರಲಿಲ್ಲ. ಪ್ರತಿಯೊಂದರಲ್ಲೂ ಸಣ್ಣ ಹೆಣ್ಣುಮೂರ್ತಿ ಕೂತಿತ್ತು.

ಅಂದು ಕೆಂಡದಲ್ಲಿ ಕಾಯುತ್ತಿದ್ದುದು ಯಾರಿಗಾಗಿ ಎಂದು ಕಸ್ತೂರೆವ್ವನಿಗೆ ಈಗ ಗೊತ್ತಾಯಿತು.

"ಅಪ್ಪಗ ಗೊತ್ತಿದ್ದಿಲ್ಲೇನ?"

"ಅಂವಾ ಮಗ್ಗದ ಮನ್ಯಾಗ ಮಲಗ್ತಿದ್ದ. ಮದವ್ಯಾದಾಗಿಂದ ಹತ್ರ ಬರಗೊಟ್ಟಿಲ್ಲ ಈಕಿ."

ಪಕ್ಕದ ಓಣಿಯ ಪಾವರ್‌ಲೂಮುಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು. ಮರೆಯ ಆಚೆಯಿಂದ ಅಂದಾನೆಪ್ಪನ ದನಿ ಬಂತು. "ಎಷ್ಟೊತ್ತಕ್ಕಾ? ಟಾಕು ಬಿಚ್ಚಿದ್ರಿಲ್ಲ?"

ಹಗ್ಗವನ್ನು ಕಸ್ತೂರೆವ್ವ ಕ್ಷಮಿಸಲಿಲ್ಲ. ಆ ಬಾವಿ ಇನ್ನೂ ನಾಲ್ಕು ಮಾರು ಆಚೆಗೇ ಇತ್ತು. ಆದರೆ ತಾನು ಕೊಡಬೇಕೆಂದು ಬಂದಿದ್ದ ಶಿಕ್ಷೆಯನ್ನು ಈ ಹೆಂಗಸು ಯಾವಾಗಲೋ ಮುಗಿಸಿಬಿಟ್ಟಿದ್ದಳು. ಟಾಕಿನ ದಾರದ ಗಂಟು ನೀರಿಗೆ ಉಬ್ಬಿ ಬಿಗಿದಿತ್ತು. ಕಸ್ತೂರೆವ್ವ ಬಾಗಿ ಹಲ್ಲಿನಿಂದ ಕಡಿದಳು. ತುಟಿಗೆ ಆ ಮೈ ತಣ್ಣಗೆ ತಾಕಿತು.

"ಬಿಚ್ಚೀನೆಪ್ಪಾ."

"ಇದನ್ನೆಲ್ಲಾ ಯಾರಿಗರ ಹೇಳ್ಬೇಕೇನ?" ಕೆಂಪವ್ವ ಪಿಸುಗುಟ್ಟಿದಳು.

"ಬ್ಯಾಡತ್ತಿ. ಒಣಾ ಕುಪ್ಪಸ ಕೊಡು, ಚಿಗವ್ವಗ ನಾನಾ ಹಾಕ್ತೀನಿ."

ಅವಳು ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಬಂದಳು. ಮಾಯದ ಗಾಯದಲ್ಲಿ ಕೂತಿದ್ದ ಅವ್ವ ಮೊದಲು ಮರೆಯಾದಳು, ಆಮೇಲೆ ಹಳೆಯ ಕಲೆಗಳ ಅವ್ವಂದಿರು. ಕುತ್ತಿಗೆಯ ಗುಂಡಿ ಹಾಕಿದ ಮೇಲೆ ಹಸಿರು ಬಟ್ಟೆಯೊಂದೇ ಉಳಿಯಿತು.